ಅರವತ್ತೆರಡು ಸೆಂಟಿಮೀಟರ್ ನೀರು

ನಮ್ಮಕ್ಕನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಒಂದೇ ಸೂರಿನಡಿ ನಲವತ್ತಾರು ವರ್ಷ ಅವಳ ಜೊತೆ ಏಗಿದವಳು ನಾನು, ಹೇಳುವ ಹಕ್ಕಿದೆ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಕಿಟಕಿ ಮುಚ್ಚುತ್ತಾಳೆ, ಮತ್ತೆರಡು ತುತ್ತಿಗೆ ಎದ್ದು ಅದೇ ಕಿಟಕಿ ತೆರೆಯುತ್ತಾಳೆ. ಅಮ್ಮ ಇದ್ದಾಗ "ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ" ಅನ್ನುತ್ತಿದ್ದಳು. ಅಂಥವಳಿಗೆ ಸಿಕ್ಕ ಕೆಲಸವೂ ತಕ್ಕದ್ದೇ. ನಮ್ಮ ಭಾಗದ ನೀರಿನ ಕಚೇರಿಯಲ್ಲಿ ಅವಳು ಬಾವಿ ಅಳೆಯುವವಳು. ಇಪ್ಪತ್ತೆರಡು ವರ್ಷದಿಂದ ಹಳೇ ಮೊಪೆಡ್ ಏರಿ ಅದೇ ತಿರುಗಾಟ.

ಬಾವಿ ಅಂದ ಕೂಡಲೆ ರಾಟೆ, ಹಗ್ಗ, ಕೊಡ ನೆನೆಸಿಕೊಳ್ಳಬೇಡಿ. ಅಂಗೈ ಅಗಲದ ಒಂದು ಕಬ್ಬಿಣದ ಪೈಪು ನೆಲದಿಂದ ಮೊಣಕಾಲೆತ್ತರ ಎದ್ದಿರುತ್ತದೆ. ಬಾಯಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಅದರಿಂದ ಯಾರೂ ನೀರು ಎತ್ತುವುದಿಲ್ಲ. ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ನೋಡುವುದಕ್ಕೆಂದೇ ಕೊರೆದವು ಅವು. ಒಟ್ಟು ನಲವತ್ತೊಂದು ಇವೆ. ಬಸ್ ಡಿಪೋದ ಹಿಂದೊಂದು, ಸ್ಮಶಾನದ ಗೋಡೆಗೊಂದು, ಗುಜರಿ ಅಂಗಡಿಯ ಒಳಗೊಂದು, ಹೀಗೆ. ಒಂದರಲ್ಲಿ ಕಣಜ ಗೂಡು ಕಟ್ಟಿರುತ್ತದೆ, ಇನ್ನೊಂದನ್ನು ಒಂದು ನಾಯಿ ತನ್ನ ಆಸ್ತಿ ಎಂದು ತಿಳಿದಿರುತ್ತದೆ. ಊರಿನವರು ಅವಳಿಗೆ ಬಾವಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಟೇಪು ಇಳಿಬಿಟ್ಟು ಬಗ್ಗಿ ನಿಂತಾಗ, "ಏನ್ ಬಾವಿಯಮ್ಮ, ಭೂಮಿಗೆ ಜ್ವರ ಎಷ್ಟಿದೆ?" ಎಂದು ಗುಜರಿಯವನು ಕೇಳದ ತಿಂಗಳಿಲ್ಲ.

ಅಳೆಯುವ ವಿಧಾನ ಅಜ್ಜನ ಕಾಲದ್ದು. ಉಕ್ಕಿನ ಟೇಪಿನ ತುದಿಯ ಎರಡು ಮೀಟರಿಗೆ ಸೀಮೆಸುಣ್ಣ ತಿಕ್ಕಬೇಕು. ಟೇಪನ್ನು ಪೈಪಿನೊಳಗೆ ಬಿಡುತ್ತ ಹೋಗಿ, ಇಪ್ಪತ್ತು ಮೀಟರಿನ ಗುರುತು ಪೈಪಿನ ಬಾಯಿಗೆ ಸರಿಯಾದಾಗ ನಿಲ್ಲಿಸಬೇಕು. ಮೇಲೆಳೆದರೆ ಸೀಮೆಸುಣ್ಣ ಎಷ್ಟುದ್ದ ಒದ್ದೆಯಾಗಿದೆ ಎಂದು ಕಾಣುತ್ತದೆ. ಅಷ್ಟನ್ನು ಇಪ್ಪತ್ತರಲ್ಲಿ ಕಳೆದರೆ ನೀರಿನ ಆಳ. ಕಚೇರಿಯವರು ಎರಡು ಸಲ ಬ್ಯಾಟರಿ ಯಂತ್ರ ತರಿಸಿಕೊಟ್ಟರು. ಎರಡೂ ಕೆಟ್ಟು ಮೂಲೆ ಸೇರಿದವು, ಅಕ್ಕ ಸೀಮೆಸುಣ್ಣದ ಡಬ್ಬಿ ಹಿಡಿದು ಹೊರಟಳು. ಅವಳ ಅಳತೆ ಒಂದು ಸೆಂಟಿಮೀಟರ್ ಆಚೀಚೆ ಆಗುವುದಿಲ್ಲ. ಅದರ ಬಗ್ಗೆ ಜಂಬವೂ ಕಡಿಮೆ ಇರಲಿಲ್ಲ. ನೀರು ಏರಿತೋ ಇಳಿಯಿತೋ, ಅದರಿಂದ ಏನಾಗುತ್ತೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಅಳೆಯೋದು ನನ್ನ ಕೆಲಸ. ಅರ್ಥ ಹಚ್ಚೋದು ಮೇಲಿನವರ ಕೆಲಸ."

ಮೇಲಿನವರು ಅರ್ಥ ಹಚ್ಚುವುದು ಒಂದು ನಕ್ಷೆಯ ಮೇಲೆ. ಕಚೇರಿಯ ಗೋಡೆಗೆ ತೂಗುಹಾಕಿದ್ದಾರೆ. ನೀರು ಹದಿನೆಂಟು ಮೀಟರಿನೊಳಗೆ ಸಿಕ್ಕರೆ ಆ ಬಡಾವಣೆಗೆ ಹಳದಿ ಬಣ್ಣ, ಹದಿನೆಂಟು ದಾಟಿ ಕೆಳಗಿಳಿದರೆ ಕೆಂಪು. ಕೆಂಪಾಯಿತೋ, ಅಲ್ಲಿ ವ್ಯಾಪಾರಕ್ಕೆಂದು ಹೊಸ ಕೊಳವೆಬಾವಿ ಕೊರೆಯುವ ಹಾಗಿಲ್ಲ. ಕಳೆದ ಮೂರು ವರ್ಷದಲ್ಲಿ ಕೊರೆದವಕ್ಕೂ ಬೀಗ. ಕುಡಿಯುವ ನೀರು ಉಳಿಯಲಿ, ಜನ ಊರು ಬಿಡುವ ಹಾಗೆ ಆಗದಿರಲಿ ಎಂದು ಮಾಡಿದ ನಿಯಮ. ನಿಯಮ ಒಳ್ಳೆಯದೇ. ಬೇರೆಯವರ ಬಾವಿಗೆ ಬೀಗ ಬಿದ್ದಾಗ ನಾನೂ "ಒಳ್ಳೇದಾಯ್ತು ಬಿಡಿ" ಅಂದಿದ್ದೇನೆ.

ನನ್ನದು ಬಟ್ಟೆ ತೊಳೆಯುವ ಅಂಗಡಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಎರಡು ವಸತಿಗೃಹಗಳ ಟವೆಲು. ಮೂರು ಯಂತ್ರ, ನಾಲ್ಕು ಜನ ಹೆಂಗಸರು, ಒಂದು ವ್ಯಾನು, ವ್ಯಾನು ಓಡಿಸಲು ನಮ್ಮನೆಯವರು. ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ಬಟ್ಟೆ ಮಡಿಸಿ ಮಡಿಸಿ ಬೆನ್ನು ಬಗ್ಗಿದ ಮೇಲೆ ನನ್ನದು ಎಂದು ಕಟ್ಟಿದ ಜಾಗ ಅದು. ಹಿಂದಿನ ಅಂಗಳದಲ್ಲಿ ಕೊಳವೆಬಾವಿ. ಕೊರೆದು ಒಂದೂವರೆ ವರ್ಷ. ನಮ್ಮ ಬಡಾವಣೆಯ ಅಳತೆ ಬಾವಿ ಇರುವುದು ಎರಡು ಬೀದಿ ಆಚೆ, ಶಾಲೆಯ ಹಿತ್ತಲಲ್ಲಿ. ನನ್ನ ಅಂಗಡಿಯ ಹಣೆಬರಹ ಆ ಶಾಲೆ ಬಾವಿಯಲ್ಲಿತ್ತು. ಅದನ್ನು ಅಳೆಯುವವಳು ನಮ್ಮಕ್ಕ.

ಇನ್ನು ಕಚೇರಿಯ ಗುಮಾಸ್ತನ ವಿಚಾರ. ಅವನಿಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಹನ್ನೊಂದು ವರ್ಷದ ಹಿಂದೆ ಅಕ್ಕ ಕಾರ್ಡಿನಲ್ಲಿ ಬರೆದ ಒಂದನ್ನು ಅವನು ರಿಜಿಸ್ಟರಿನಲ್ಲಿ ಏಳು ಮಾಡಿ ಬರೆದಿದ್ದ. ನಿಮ್ಮ ಅಕ್ಷರ ಕೋಳಿ ಕಾಲು ಎಂದು ಅವನು, ನಿಮ್ಮ ಕಣ್ಣಿಗೆ ಪೊರೆ ಎಂದು ಇವಳು. ಕೊನೆಗೆ ಇಡೀ ಕಚೇರಿಯೆದುರು ಅಕ್ಕ, "ಕನ್ನಡಕ ಬದಲಿಸಿ ಸ್ವಾಮಿ, ಇಲ್ಲಾಂದ್ರೆ ಕುರ್ಚಿ ಬದಲಿಸಿ" ಅಂದಳು. ಅಲ್ಲಿಗೆ ಮಾತು ಬಂದ್. ಅವನ ಹೆಸರು ನಮ್ಮ ಮನೆಯಲ್ಲಿ 'ಕನ್ನಡಕ' ಎಂದೇ ಆಯಿತು. ಇವಳು ಕಾರ್ಡು ತಂದು ಟ್ರೇಯಲ್ಲಿ ಇಡುವುದು, ಅವನು ತಲೆಯೆತ್ತದೆ ಮೊಹರು ಗುದ್ದುವುದು. ಹನ್ನೊಂದು ವರ್ಷ!

ಮೂರು ವರ್ಷದ ಕೆಳಗೆ ಶಾಲೆಯವರು ಹಿತ್ತಲಿಗೆ ಮಣ್ಣು ತುಂಬಿಸಿ ಎತ್ತರಿಸಿದರು. ಅಳತೆಯ ಪೈಪು ಹೂತುಹೋಗಬಾರದೆಂದು ಮೇಸ್ತ್ರಿ ಅದಕ್ಕೊಂದು ತುಂಡು ಜೋಡಿಸಿದ. ಪೈಪಿನ ಬಾಯಿ ಅರವತ್ತೆರಡು ಸೆಂಟಿಮೀಟರ್ ಮೇಲೆ ಬಂತು. ಬಾಯಿ ಮೇಲೆ ಬಂದರೆ ಟೇಪು ಅಷ್ಟು ಹೆಚ್ಚು ಆಳ ತೋರಿಸುತ್ತದೆ. ಹಾಗಾಗಿ ಪ್ರತಿ ಸಲವೂ ಅರವತ್ತೆರಡು ಕಳೆಯಬೇಕು. ಪೈಪು ಎತ್ತರವಾಗಿದೆ ಎಂದು ಅಕ್ಕ ಕಚೇರಿಗೆ ಬರೆದುಕೊಟ್ಟಳು. ಕಳೆಯುವ ಕೆಲಸ ನಿಯಮದ ಪ್ರಕಾರ ಗುಮಾಸ್ತನದು. ಆದರೆ ಕನ್ನಡಕದ ಮೇಲೆ ಇವಳಿಗೆ ನಂಬಿಕೆಯೇ? "ಅವನೆಲ್ಲಿ ನೆನಪಿಟ್ಕೋತಾನೆ" ಎಂದು ತಾನೇ ಕಳೆದು, ಉಳಿದದ್ದನ್ನೇ ಕಾರ್ಡಿಗೆ ಬರೆಯತೊಡಗಿದಳು.

ಒಂದು ಗುರುವಾರ ಗುಮಾಸ್ತನ ನಿವೃತ್ತಿ, ಕಚೇರಿಯಲ್ಲೇ ಸಮಾರಂಭ. ಮೇಜಿಗೆ ಹಾಸಿದ್ದ ಬಟ್ಟೆಗಳು ನನ್ನ ಅಂಗಡಿಯವು, ವಾಪಸು ತರಲು ನಾನೂ ಹೋಗಿದ್ದೆ. ಭಾಷಣ ಮುಗಿದು, ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಆ ಮನುಷ್ಯ ಸೀದಾ ನಮ್ಮ ಕಡೆ ಬಂದ. ನಾನು ಅಕ್ಕನ ಮೊಣಕೈ ಹಿಡಿದುಕೊಂಡೆ, ಏನಾದರೂ ಅಂದುಬಿಟ್ಟಾಳು ಎಂದು.

"ಹನ್ನೊಂದು ವರ್ಷ ಆಯ್ತಲ್ಲಮ್ಮ ನಾವು ಮಾತಾಡಿ" ಅಂದ. "ನನಗೂ ಹಟ, ನಿಮಗೂ ಹಟ. ಆಯ್ತು, ಇನ್ನು ಬಿಟ್ಟುಬಿಡೋಣ. ಒಂದು ಮಾತ್ರ ಹೇಳ್ತೀನಿ, ನಿಮ್ಮ ಮೇಲಿನ ಸಿಟ್ಟನ್ನ ನಾನು ಕೆಲಸದ ಮೇಲೆ ತೀರಿಸಿಕೊಳ್ಳಲಿಲ್ಲ. ಆ ಶಾಲೆ ಬಾವಿ ಪೈಪು ಎತ್ತರ ಆಗಿದೆ ಅಂತ ಬರೆದುಕೊಟ್ರಿ ನೋಡಿ, ಅವತ್ತಿಂದ ಒಂದು ತಿಂಗಳೂ ತಪ್ಪಿಸದೆ ಅರವತ್ತೆರಡು ಕಳೆದೇ ರಿಜಿಸ್ಟರಿಗೆ ಹತ್ತಿಸಿದೀನಿ. ನನ್ನ ಜಾಗಕ್ಕೆ ಬರೋ ಹೊಸ ಹುಡುಗಿಗೆ ಹೇಳಬೇಕು ಅಂತಿದ್ದೆ, ಮರೆತೇಹೋಯ್ತು. ನೀವೇ ಹೇಳಿಬಿಡಿ."

ಅಕ್ಕನ ಕೈಯಲ್ಲಿದ್ದ ಲೋಟ ಬಾಗಿ ಚಹಾ ಅವಳ ಚಪ್ಪಲಿ ಮೇಲೆ ಸುರಿಯಿತು. ಅವಳಿಗೆ ಗೊತ್ತಾಗಲಿಲ್ಲ. ಪಾಪ, ಆ ಮನುಷ್ಯ ರಾಜಿಗೆ ಬಂದವನು. ಇವಳ ಮುಖ ನೋಡಿ ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು, "ಇರಲಿ, ಇರಲಿ" ಎಂದು ಗೊಣಗಿ ಹೊರಟುಹೋದ. ಅಕ್ಕ ನಕ್ಷೆಯ ಮುಂದೆ ಹೋಗಿ ನಿಂತಳು. ನಮ್ಮ ಬಡಾವಣೆ ಹಳದಿಯಾಗಿತ್ತು. ಆಮೇಲೆ ನನ್ನನ್ನು ಅಲ್ಲೇ ಬಿಟ್ಟು ಮೊಪೆಡ್ ಹತ್ತಿದಳು. ಎಂಟು ಮೇಜಿನ ಬಟ್ಟೆ ಹೊತ್ತುಕೊಂಡು ನಾನು ನಡೆದೇ ಬಂದೆ, ದಾರಿಯುದ್ದಕ್ಕೂ ಅವಳಿಗೆ ಬೈಯುತ್ತ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ನಿಂತುಕೊಂಡೇ ನನ್ನ ಅಂಗಡಿಯ ಚೀಟಿಯ ಹಿಂದೆ ಲೆಕ್ಕ ಹಾಕುತ್ತಿದ್ದಳು. ಹೋದ ತಿಂಗಳು ಟೇಪು ತೋರಿಸಿದ್ದು ಹದಿನೆಂಟು ಮೀಟರ್ ತೊಂಬತ್ತಮೂರು. ಅರವತ್ತೆರಡು ಕಳೆದು ಅವಳು ಕಾರ್ಡಿಗೆ ಬರೆದದ್ದು ಹದಿನೆಂಟು ಮೂವತ್ತೊಂದು. ಅದರಲ್ಲಿ ಕನ್ನಡಕ ಮತ್ತೆ ಅರವತ್ತೆರಡು ಕಳೆದು ರಿಜಿಸ್ಟರಿಗೆ ಹತ್ತಿಸಿದ್ದು ಹದಿನೇಳು ಅರವತ್ತೊಂಬತ್ತು.

"ಅಂದ್ರೆ?" ಅಂದೆ. ನನಗೆ ಅರ್ಥವಾಗಿತ್ತು. ಆದರೂ ಕೇಳಿದೆ.

"ಅಂದ್ರೆ ನಿಜವಾಗಿ ಹದಿನೆಂಟು ದಾಟಿ ಎಷ್ಟೋ ದಿನ ಆಗಿದೆ. ಇಬ್ಬರೂ ಕಳೆದಿದೀವಿ. ಒಂದು ಮಾತು ಕೇಳಿದ್ರೆ ಮುಗೀತಿತ್ತು. ಒಂದೇ ಒಂದು ಮಾತು."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರೂ ಅಲ್ಲ, ಜಗಳವೂ ಒಂದು ಏಳರ ವಿಷಯಕ್ಕೆ, ಆದರೂ ಕೂಸು ಬಡವಾಗಿತ್ತು. ನನಗೆ ಮೊದಲು ನೆನಪಾದದ್ದು ಊರಲ್ಲ, ನೀರಲ್ಲ, ನನ್ನ ಅಂಗಳದ ಪಂಪು. ಮುಂದಿನ ಗುರುವಾರ ನಕ್ಷೆಗೆ ಬಣ್ಣ ಬಳಿಯುವ ಸಭೆ. ಅದಕ್ಕೆ ಬುಧವಾರ ಅಕ್ಕ ಶಾಲೆ ಬಾವಿಯ ಕಾರ್ಡು ಕೊಡಬೇಕು.

"ಯಾರಿಗೂ ಹೇಳ್ಬೇಡ" ಅಂದೆ. "ಗೊತ್ತಿರೋದು ನಿನಗೆ, ನನಗೆ. ಆ ಕನ್ನಡಕಕ್ಕೂ ಗೊತ್ತಿಲ್ಲ. ಮೊದಲಿನ ಹಾಗೇ ನಡೀಲಿ ಬಿಡು."

"ಮೊದಲಿನ ಹಾಗೆ ನಡೆಯಲ್ಲ ಕಣೇ. ಹೊಸ ಹುಡುಗಿ ಕಾರ್ಡಲ್ಲಿದ್ದದ್ದನ್ನೇ ಬರೀತಾಳೆ. ರಿಜಿಸ್ಟರಲ್ಲಿ ಹದಿನೇಳು ಅಂತ ಬರಬೇಕಾದ್ರೆ ಎರಡನೇ ಸಲವೂ ನಾನೇ ಕಳೀಬೇಕು. ಇಲ್ಲೀವರೆಗೆ ಆಗಿದ್ದು ತಪ್ಪು. ಈಗ ಬರೆದ್ರೆ ಅದು ಸುಳ್ಳು."

"ಹಾಗಾದ್ರೆ ನನ್ನ ಅಂಗಡಿ ಮುಚ್ಚಲಿ ಅಂತೀಯಾ?"

ಅವಳು ಲೆಕ್ಕದ ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ರೇಗಿತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅಂದೇಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು? ಅವಳ ಟೇಪು, ಅವಳ ಜಂಬ, ಅವಳ ಹಟ. ಅನುಭವಿಸುವವಳು ನಾನು.

ಶುಕ್ರವಾರದಿಂದ ನಮ್ಮ ಮನೆ ಮನೆಯಾಗಿರಲಿಲ್ಲ. ಅಕ್ಕ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದಳು. ಮಹಡಿ ಹತ್ತುವುದು, ಇಳಿಯುವುದು. ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆಯುವುದು. ಒಮ್ಮೆ ನೋಡಿದರೆ ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಟೇಪಿನ ತುದಿ ಅದ್ದಿ ನೋಡುತ್ತಿದ್ದಾಳೆ. ಟೇಪೇ ತಪ್ಪು ತೋರಿಸುತ್ತಿರಬಹುದೇ ಎಂಬ ಆಸೆ! ದಿನಾ ಬೆಳಿಗ್ಗೆ ಶಾಲೆ ಬಾವಿಗೆ ಹೋಗಿ ಬರತೊಡಗಿದಳು. ತಿಂಗಳಿಗೊಮ್ಮೆ ಅಳೆಯುವ ಬಾವಿಯನ್ನು ದಿನಾ ಅಳೆದರೆ ಏನು ಬರುತ್ತದೆ?

"ನೀರೇನು ನಿನ್ನ ಮುಖ ನೋಡಿ ಏರುತ್ತಾ?" ಎಂದು ಕೇಳಿದೆ.

"ಮೂರು ಸೆಂಟಿಮೀಟರ್ ಇಳಿದಿದೆ" ಎಂದಳು.

ನಾನೇನು ಕಡಿಮೆಯಾ? ಬಣ್ಣದ ಟವೆಲುಗಳ ಜೊತೆ ಆಸ್ಪತ್ರೆಯ ಬಿಳಿ ಬಟ್ಟೆ ಹಾಕಿ ಒಂದು ಗಂಟು ಪೂರ್ತಿ ಗುಲಾಬಿ ಬಣ್ಣ ಮಾಡಿದೆ. ನಮ್ಮನೆಯವರು "ರೋಗಿಗಳಿಗೂ ಸ್ವಲ್ಪ ಖುಷಿ ಆಗಲಿ ಬಿಡು" ಎಂದು ತಮಾಷೆ ಮಾಡಿದ್ದಕ್ಕೆ ಅವರ ಮೇಲೆ ಹರಿಹಾಯ್ದೆ. ಅವರಿಗೆ ವಿಷಯ ಗೊತ್ತಿರಲಿಲ್ಲ. ಹೇಳಿದರೆ ಅವರು ಇಡೀ ಬೀದಿಗೆ ಹೇಳುತ್ತಾರೆ, ಅದಕ್ಕೆ ಹೇಳಿರಲಿಲ್ಲ. ಮೂರು ಯಂತ್ರ ಒಟ್ಟಿಗೆ ತಿರುಗುವಾಗ ನೆಲ ಸಣ್ಣಗೆ ನಡುಗುತ್ತದೆ. ಮೊದಲೆಲ್ಲ ಆ ನಡುಕ ಕಾಲಿಗೆ ಹಿತವಾಗಿರುತ್ತಿತ್ತು. ಈಗ ನಿಂತಲ್ಲಿ ನಿಲ್ಲಲಾಗದೆ ಅಂಗಳಕ್ಕೆ ಹೋಗಿ ಪಂಪಿನ ಸದ್ದು ಕೇಳಿಕೊಂಡು ಬರುತ್ತಿದ್ದೆ.

ಸೋಮವಾರ ಇಸ್ತ್ರಿ ಮಾಡುವವಳು ಒಂದು ಗಂಟೆ ತಡವಾಗಿ ಬಂದಳು. ಆ ತಿಂಗಳಲ್ಲಿ ಅದು ಆರನೇ ಸಲ. ನನ್ನ ಸಿಟ್ಟಿಗೆ ಒಂದು ತಲೆ ಬೇಕಾಗಿತ್ತು, ಅವಳದು ಸಿಕ್ಕಿತು.

"ಇದೇನು ಅಂಗಡಿಯೋ ನಿನ್ನ ಮಾವನ ಮನೆಯೋ? ಮನಸ್ಸು ಬಂದಾಗ ಬರೋಕೆ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು. "ಕೆಳಗಿನ ಬೀದಿ ಕೈಪಂಪು ಗಾಳಿ ಕಕ್ತಾ ಇದೆ ಅಮ್ಮ. ಮೂರು ಸಲ ವಾಷರ್ ಬದಲಿಸಿದ್ರು. ರಿಪೇರಿಯವನು ವಾಷರ್ರೇ ಸರಿಯಿಲ್ಲ ಅಂತಾನೆ. ದೊಡ್ಡ ರಸ್ತೆ ನಲ್ಲೀಲಿ ಸರದಿ ನಿಂತು, ಎರಡು ಕೊಡ ಹೊತ್ತು ಹಾಕಿ ಬರೋದ್ರಲ್ಲಿ ಇಷ್ಟೊತ್ತಾಗುತ್ತೆ." ಆಮೇಲೆ ಪೆಟ್ಟಿಗೆಯ ಬಿಸಿ ನೋಡುತ್ತ, "ನಿಮ್ಮ ಪುಣ್ಯ, ನಿಮ್ಮ ಬಾವೀಲಿ ಎಷ್ಟು ಚೆನ್ನಾಗಿ ಬರುತ್ತೆ. ಸಾಯಂಕಾಲ ಹೋಗೋವಾಗ ಇಲ್ಲಿಂದ ಎರಡು ಕೊಡ ತಗೊಂಡು ಹೋಗ್ಲಾ ಅಮ್ಮ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕಳ್ಳಿ ಎಂದಿರಲಿಲ್ಲ, ಕೇಳಿದ್ದು ಎರಡು ಕೊಡ ನೀರು. ನಾನು ಹೆಗಲು ಮುಟ್ಟಿಕೊಂಡೆ. ವಾಷರ್ರಿನದು ತಪ್ಪೇನಿರಲಿಲ್ಲ. ಕೆಳಗಿನ ಬೀದಿಯ ನೀರು ನನ್ನ ಮೂರು ಯಂತ್ರಗಳಲ್ಲಿ ಸಾಬೂನು ನೊರೆಯಾಗಿ ಚರಂಡಿಗೆ ಹೋಗುತ್ತಿತ್ತು. "ತಗೊಂಡ್ ಹೋಗು, ಕೇಳೋದೇನು" ಎಂದೆ.

ಇದರಿಂದ ನನ್ನ ಮನಸ್ಸು ಬದಲಾಯಿತು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಬದಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ? ಅಂಗಡಿ ಮುಚ್ಚಿದರೆ ಕೆಲಸ ಕಳೆದುಕೊಳ್ಳುವವರಲ್ಲಿ ಇವಳೂ ಒಬ್ಬಳಲ್ಲವೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಅಕ್ಕನಿಗೆ ಈ ವಿಷಯ ಹೇಳಲಿಲ್ಲ. ಹೇಳಿದರೆ ಅವಳ ಕೈ ಗಟ್ಟಿಯಾಗುತ್ತದೆ ಎಂದು ಗೊತ್ತಿತ್ತು.

ಮಂಗಳವಾರ ಸಾಯಂಕಾಲ ಅಕ್ಕ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಳು. ಕೂತಿದ್ದಳು! ಅರ್ಧ ಗಂಟೆಯಿಂದ ಏಳದೆ ಕೂತವಳನ್ನು ನೋಡಿ ನನಗೆ ಭಯವಾಯಿತು. ಪಕ್ಕದಲ್ಲಿ ಹೋಗಿ ಕೂತೆ.

"ನಿನಗೊಂದು ಹೇಳ್ಬೇಕು" ಎಂದಳು. "ನಿನ್ನ ಬಾವಿಗೆ ಪರವಾನಗಿ ಬಂತಲ್ಲ, ಒಂದೂವರೆ ವರ್ಷದ ಹಿಂದೆ. ಆ ತಿಂಗಳು ಶಾಲೆ ಬಾವಿ ಕಾರ್ಡಲ್ಲಿ ನಾನು ಬರೆದದ್ದು ಹದಿನೆಂಟು ಮೀಟರ್ ಐದು ಸೆಂಟಿಮೀಟರ್. ದಾಟಿತ್ತು. ಕಚೇರಿಗೆ ಹೋದ್ರೆ ನಕ್ಷೆ ಹಳದಿ. ಇದ್ಯಾಕೆ ಹೀಗೆ ಅಂತ ಅನ್ನಿಸ್ತು. ಆ ವಾರವೇ ನಿನ್ನ ಪರವಾನಗಿ ಬಂತು. ನೀನು ಕಾಗದ ಹಿಡ್ಕೊಂಡು ಮನೆ ತುಂಬ ಕುಣಿದಾಡಿಬಿಟ್ಟೆ."

"ಆಮೇಲೆ?"

"ಆಮೇಲೆ ಏನಿಲ್ಲ. ಆ ಕನ್ನಡಕದ ಹತ್ರ ಯಾರು ಮಾತಾಡ್ತಾರೆ ಅಂತ ಸುಮ್ಮನಾದೆ. ಅದು ನೆಪ ಕಣೇ. ಕೇಳಬಾರದು ಅಂತಲೇ ಕೇಳಲಿಲ್ಲ. ಕೇಳಿದ್ರೆ ನಿನ್ನ ಕೈಯಲ್ಲಿರೋ ಕಾಗದ ಹೋಗ್ತಿತ್ತು."

ಐದು ದಿನದಿಂದ ನನ್ನಿಂದ 'ಊರಿಗೆ ಉಪಕಾರಿ' ಎಂದು ಬೈಸಿಕೊಂಡವಳು, ಒಂದೂವರೆ ವರ್ಷದಿಂದ ನನಗೋಸ್ಕರ ಬಾಯಿ ಮುಚ್ಚಿಕೊಂಡಿದ್ದಳು. ಜಂಬದ ಅಳತೆಯವಳು, ಒಂದು ಸೆಂಟಿಮೀಟರ್ ಬಿಟ್ಟುಕೊಡದವಳು. ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇದನ್ನು ನನಗೆ ಹೇಳಿ ನನ್ನ ತಲೆಗೆ ಯಾಕೆ ಕಟ್ಟಿದಳು? "ಎದ್ದು ಊಟ ಮಾಡು" ಎಂದಷ್ಟೇ ಹೇಳಿ ಒಳಗೆ ಹೋದೆ.

ಬುಧವಾರ ಬೆಳಿಗ್ಗೆ ಮೊಪೆಡ್ ಹೊರಗೆ ತೆಗೆದವಳು, "ನೀನೂ ಬಾ" ಎಂದಳು.

"ನಾನ್ಯಾಕೆ?"

"ಕೈ ನಡುಗ್ತಿದೆ. ಟೇಪು ಸರಿಯಾಗಿ ಹಿಡಿಯೋಕಾಗ್ತಿಲ್ಲ. ನೀನು ಬಿಡು, ನಾನು ಬರ್ಕೋತೀನಿ."

ಇಪ್ಪತ್ತೆರಡು ವರ್ಷದಲ್ಲಿ ಆ ಟೇಪನ್ನು ನನ್ನ ಕೈಗೆ ಕೊಟ್ಟವಳಲ್ಲ. ಚಿಕ್ಕಂದಿನಲ್ಲಿ ಅವಳ ಗೊಂಬೆಯನ್ನೂ ಕೊಟ್ಟವಳಲ್ಲ. ಹಿಂದೆ ಕೂತು ಹೊರಟೆ. ಶಾಲೆಯಲ್ಲಿ ಪಾಠ ಶುರುವಾಗಿತ್ತು. ಒಂದು ತರಗತಿಯಿಂದ ಮಗ್ಗಿ ಕೇಳಿಸುತ್ತಿತ್ತು. ಹಿತ್ತಲಲ್ಲಿ ಮುರಿದ ಬೆಂಚುಗಳು, ಒಂದು ನೀರಿನ ಟ್ಯಾಂಕು, ಗೋಡೆ ಬದಿಗೆ ಆ ಪೈಪು. ಅಕ್ಕ ಬೀಗ ತೆಗೆದಳು. ಸೀಮೆಸುಣ್ಣ ತಿಕ್ಕಿದ್ದು ನಾನು, ಅವಳು ಹೇಳಿಕೊಟ್ಟ ಹಾಗೆ, ಒಂದು ಚೂರೂ ಬಿಡದೆ. ಟೇಪು ಒಳಗಿಳಿಯುತ್ತಿದ್ದ ಹಾಗೆ ಪೈಪಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು, ಒದ್ದೆ ಕಬ್ಬಿಣದ ವಾಸನೆ. ಇಪ್ಪತ್ತರ ಗುರುತು ಬಾಯಿಗೆ ಹಿಡಿದೆ. ಹತ್ತರವರೆಗೆ ಎಣಿಸಿದೆ. ಮೇಲೆಳೆದೆ.

ಸೀಮೆಸುಣ್ಣ ಒದ್ದೆಯಾಗಿದ್ದದ್ದು ತೊಂಬತ್ತೆಂಟು ಸೆಂಟಿಮೀಟರ್. ಗೆರೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಕುರುಡನೂ ಓದಬಹುದಿತ್ತು. ಇಪ್ಪತ್ತರಲ್ಲಿ ತೊಂಬತ್ತೆಂಟು ಹೋದರೆ ಹತ್ತೊಂಬತ್ತು ಮೀಟರ್ ಎರಡು ಸೆಂಟಿಮೀಟರ್. ಅದರಲ್ಲಿ ಅರವತ್ತೆರಡು ಹೋದರೆ ಹದಿನೆಂಟು ನಲವತ್ತು. ಬೆರಳು ಮಡಿಸಿ ಲೆಕ್ಕ ಹಾಕಿದೆ. ಮತ್ತೊಂದು ಅರವತ್ತೆರಡು ಕಳೆದರೆ ಹದಿನೇಳು ಎಪ್ಪತ್ತೆಂಟು. ಅದನ್ನೂ ಹಾಕಿದೆ. ಅಕ್ಕನಿಗೆ ತೋರಿಸೋಣ ಎಂದು ತಿರುಗಿದೆ.

ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಎಡಗೈಯಲ್ಲಿ ಕಾರ್ಡು, ಬಲಗೈಯಲ್ಲಿ ಪೆನ್ನು. ಕೈ ನಡುಗುತ್ತಿರಲಿಲ್ಲ.

"ಎಷ್ಟು?" ಎಂದಳು.

"ನೋಡು ಬಾ."

"ನಾನು ನೋಡಲ್ಲ. ಕಳೆಯೋದೆಲ್ಲ ಕಳೆದು ನೀನು ಹೇಳು. ನೀನು ಹೇಳಿದ್ದನ್ನ ಬರೀತೀನಿ."

ಆಗ ಅರ್ಥವಾಯಿತು ನನಗೆ, ಯಾಕೆ ಕರೆದುಕೊಂಡು ಬಂದಿದ್ದಾಳೆಂದು. ಮೈಯೆಲ್ಲ ಉರಿದುಹೋಯಿತು. ಅಯ್ಯೋ ಪಾಪಿ, ನನ್ನ ಕೈಗೆ ಟೇಪು ಕೊಟ್ಟು ನೀನು ಗೋಡೆ ನೋಡುತ್ತೀಯಾ? ಆ ಟೇಪಿನಿಂದಲೇ ಅವಳಿಗೆ ಬಾರಿಸಬೇಕು ಅನ್ನಿಸಿತು. ಹದಿನೇಳು ಎಪ್ಪತ್ತೆಂಟು ನನ್ನ ನಾಲಿಗೆಯ ಮೇಲೇ ಇತ್ತು. ಎಷ್ಟು ಚಿಕ್ಕ ಮಾತು! ಅಂದರೆ ಮುಗಿಯಿತು, ನನ್ನ ಯಂತ್ರಗಳು ತಿರುಗುತ್ತವೆ. ಅವಳು ಬರೆಯುತ್ತಾಳೆ, ತಿರುಗಿಯೂ ನೋಡುವುದಿಲ್ಲ. ಟೇಪಿನ ಮೇಲಿನ ಗೆರೆ ಬಿಸಿಲಿಗೆ ಅಂಚಿನ ಕಡೆಯಿಂದ ಒಣಗತೊಡಗಿತ್ತು. ಅವಳ ಬೆನ್ನು ನೋಡಿದೆ. ಕತ್ತಿನ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿದ್ದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಹಾಗೆ ಬರೆದರೆ ನಾಳೆಯಿಂದ ಅವಳು ಯಾವ ಬಾವಿಯಲ್ಲಿ ಟೇಪು ಬಿಟ್ಟರೂ ಅದು ಸುಳ್ಳು ಬರೆದವಳ ಟೇಪು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ನಿಂತಿದ್ದಳು.

"ಹದಿನೆಂಟು ನಲವತ್ತು" ಎಂದೆ.

ಪೆನ್ನು ಅಲುಗಲಿಲ್ಲ. "ಇನ್ನೊಂದ್ಸಲ ಹೇಳು."

"ಕಿವುಡಿಯಾ? ಹದಿನೆಂಟು ನಲವತ್ತು! ಬರಿ!"

ಬರೆದಳು. ಮಗ್ಗಿ ಹೇಳುತ್ತಿದ್ದ ಮಕ್ಕಳು ನನ್ನ ಕೂಗಿಗೆ ಒಂದು ಕ್ಷಣ ನಿಲ್ಲಿಸಿ ಮತ್ತೆ ಶುರು ಮಾಡಿದರು.

ಗುರುವಾರದ ಸಭೆಗೆ ಅಕ್ಕ ಕಾರ್ಡಿನ ಜೊತೆ ಮೂರು ವರ್ಷದ ತಪ್ಪನ್ನೂ ಬರೆದುಕೊಟ್ಟಳು, ಒಂದೂವರೆ ವರ್ಷದ ಹಿಂದಿನ ತನ್ನ ಅನುಮಾನವನ್ನೂ ಬಿಡದೆ. ನಮ್ಮ ಬಡಾವಣೆಗೆ ಕೆಂಪು ಬಿತ್ತು. ಅವಳಿಗೆ ಆರು ತಿಂಗಳು ತಿರುಗಾಟ ಬಂದ್, ಕಚೇರಿಯೊಳಗೆ ಕುರ್ಚಿಯ ಕೆಲಸ. ಅವಳನ್ನು ಜೈಲಿಗೆ ಹಾಕಿದ್ದರೂ ಅಷ್ಟು ಒದ್ದಾಡುತ್ತಿರಲಿಲ್ಲ. ಕನ್ನಡಕ ಸುದ್ದಿ ಕೇಳಿ ಮನೆಗೇ ಬಂದ. ತಪ್ಪು ತನ್ನದು ಎಂದು ಅವನು, ಅಲ್ಲ ತನ್ನದು ಎಂದು ಇವಳು. ಅದಕ್ಕೂ ಜಗಳವಾಡಿದರು, ಪುಣ್ಯಾತ್ಮರು.

ನನ್ನ ಬಾವಿಗೆ ಬೀಗ ಹಾಕಲು ಬಂದದ್ದು ಮುಂದಿನ ಸೋಮವಾರ. ಇಬ್ಬರು ಬಂದು ಪಂಪು ಎತ್ತಿದರು, ಬಾಯಿಗೆ ಕಬ್ಬಿಣದ ತಟ್ಟೆ ಇಟ್ಟು ಬೆಸುಗೆ ಹಾಕತೊಡಗಿದರು. ಆಸ್ಪತ್ರೆಯವರು ಆಗಲೇ ಬೇರೆ ಕಡೆ ಮಾತಾಡಿಯಾಗಿತ್ತು. ಬಟ್ಟೆ ತೊಳೆಯುತ್ತಿದ್ದ ಮೂವರು ಹೆಂಗಸರು ತಮ್ಮ ಏಪ್ರನ್ನು ಮಡಿಸಿ ಮೇಜಿನ ಮೇಲಿಟ್ಟು ಹೋದರು. ಇಸ್ತ್ರಿಯೊಂದೇ ಉಳಿಯಿತು, ಇಸ್ತ್ರಿಗೆ ಎಷ್ಟು ನೀರು ಬೇಕು! ಕೆಳಗಿನ ಬೀದಿ ಕೈಪಂಪಿಗೆ ಮಾರನೇ ದಿನವೇ ನೀರು ಬಂತೇ ಎಂದು ಕೇಳಬೇಡಿ. ಬರಲಿಲ್ಲ. ವರ್ಷಗಟ್ಟಲೆ ಎಳೆದದ್ದು ಮೂರು ದಿನಕ್ಕೆ ತುಂಬುವುದಿಲ್ಲವಂತೆ, ಅಕ್ಕನೇ ಹೇಳಿದಳು.

ಬೆಸುಗೆಯ ಕಿಡಿ ಹಾರುತ್ತಿದ್ದಾಗ ಅವಳು ಕಚೇರಿಯಿಂದ ಹೇಳದೆ ಕೇಳದೆ ಎದ್ದು ಬಂದು ನನ್ನ ಪಕ್ಕ ನಿಂತಳು. ಇಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ನೋಡುತ್ತಿದ್ದೆವು. ಕೆಲಸ ಮುಗಿದು ಆಳುಗಳು ಸಾಮಾನು ಕಟ್ಟಿದರು. ಅಂಗಳದಲ್ಲಿ ಯಾವ ಸದ್ದೂ ಇರಲಿಲ್ಲ.

"ಅವತ್ತು ನೀನು ಹದಿನೇಳು ಅಂದಿದ್ರೂ ಬರೀತಿದ್ದೆ ಕಣೇ" ಎಂದಳು ಅಕ್ಕ.

"ಗೊತ್ತು" ಎಂದೆ. "ಅದಕ್ಕೇ ಅನ್ನಲಿಲ್ಲ."